ಮೋರಿ ಅಂದುಕೊಂಡಿದ್ದ ನದಿ, ಮಾತು ಬಿಟ್ಟಿದ್ದ ಅತ್ತೆ, ಒಂದಷ್ಟು ಹಕ್ಕಿಗಳು

ನಮ್ಮ ಮನೆ ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್‌ನಿಂದ ಆರೇಳು ನಿಮಿಷದ ನಡಿಗೆ. ಮೂರನೇ ಮಹಡಿ. ಅಡುಗೆಮನೆ ಕಿಟಕಿ ತೆಗೆದರೆ ಎದುರುಮನೆಯ ನೀರಿನ ಟ್ಯಾಂಕು, ಅದರ ಪಕ್ಕ ಇನ್ನೊಂದು ಟ್ಯಾಂಕು. ಇಂಥ ಮನೆಗೆ ಕಳೆದ ವರ್ಷ ಜುಲೈನಲ್ಲಿ ನಮ್ಮ ಅತ್ತೆ ಬಂದರು. ಕೈಯಲ್ಲೊಂದು ಬಟ್ಟೆಯ ಬ್ಯಾಗು, ಜೊತೆಗೆ ಅರ್ಧ ಮೂಟೆ ರಾಗಿಹಿಟ್ಟು. ಜೂನ್‌ನಲ್ಲಿ ಮಾವ ತೀರಿಕೊಂಡಿದ್ದರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳಲಿಲ್ಲ.

ಅತ್ತೆಯ ಊರು ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ದಂಡೆ. ಮದುವೆಯಾಗಿ ಬಂದ ದಿನದಿಂದ ಹೊಳೆ, ಗದ್ದೆ, ಎಮ್ಮೆ ಇಷ್ಟರ ನಡುವೆ ಇದ್ದವರು. ನಮ್ಮ ಮನೆಯಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಸೊಪ್ಪು ಬಿಡಿಸಿಕೊಡುತ್ತಿದ್ದರು, ಅವರೆಕಾಯಿ ಸುಲಿಯುತ್ತಿದ್ದರು, ಆಮೇಲೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಟೀವಿ ಹಾಕಿಕೊಟ್ಟರೆ ನೋಡುತ್ತಿರಲಿಲ್ಲ. ನಾನು ಏನಾದರೂ ಕೇಳಿದರೆ "ಹೂಂ" ಅಥವಾ "ಬ್ಯಾಡ ಕನವ್ವ". ಕಾಫಿಯನ್ನಂತೂ ಪೂರ್ತಿ ಬಿಟ್ಟಿದ್ದರು. ಮೊದಲು ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವರು. ನನ್ನ ಗಂಡ ರಾತ್ರಿ ಹೊತ್ತು ಮೆಲ್ಲಗೆ "ಅವ್ವ ಸರಿ ಹೋಗ್ತಾಳಾ?" ಅಂತ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನೂ ಅತ್ತೆಯೂ ಕೂತು ಹತ್ತು ನಿಮಿಷ ಮಾತಾಡಿದ್ದೇ ಇಲ್ಲ.

ಹಕ್ಕಿಗಳ ವಿಷಯ ನಮ್ಮ ನಡುವೆ ಬಂದದ್ದು ನನ್ನ ಕಣ್ಣಿನಿಂದ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ನೋಡುವ ಕೆಲಸ. ಕಣ್ಣು ಉರಿ, ತಲೆನೋವು. ಡಾಕ್ಟರ್ 20-20-20 ಅಂತ ಒಂದು ಲೆಕ್ಕ ಹೇಳಿದರು: ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ಆಚೆ ಇರುವುದನ್ನು, 20 ಸೆಕೆಂಡು ನೋಡಬೇಕು. ನಮ್ಮ ಕಿಟಕಿಯಿಂದ ಇಪ್ಪತ್ತು ಅಡಿ ಆಚೆ ಏನಿದೆ? ಅದೇ ಟ್ಯಾಂಕು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಹಕ್ಕಿ ನೋಡುವ ಹುಚ್ಚು. "ಮನೆ ಹತ್ತಿರಾನೇ ಜ್ಞಾನಭಾರತಿ ಇಟ್ಕೊಂಡು ಟ್ಯಾಂಕ್ ನೋಡ್ತೀಯಲ್ಲ" ಅಂತ ನಕ್ಕಳು. ತನ್ನ ಹಳೇ ಬೈನಾಕ್ಯುಲರ್ ಕೊಟ್ಟಳು.

ಅಕ್ಟೋಬರ್‌ನ ಒಂದು ಶನಿವಾರ ಹೊರಟೆ. ಗಂಡನಿಗೆ ಆವತ್ತು ಶಿಫ್ಟ್ ಇತ್ತು. ಅತ್ತೆಯನ್ನು ಒಬ್ಬರನ್ನೇ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. "ಒಂದು ಸುತ್ತು ನಡೆದು ಬರೋಣ, ಬನ್ನಿ ಅತ್ತೆ" ಅಂದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಸೆರಗು ಸುತ್ತಿಕೊಂಡು ಎದ್ದೇಬಿಟ್ಟರು.

ಐದನೇ ಸ್ಟೇಷನ್

ಅತ್ತಿಗುಪ್ಪೆಯಿಂದ ಕೆಂಗೇರಿ ಕಡೆಗೆ ನೇರಳೆ ಮಾರ್ಗದಲ್ಲಿ ಹೊರಟರೆ ದೀಪಾಂಜಲಿನಗರ, ಮೈಸೂರು ರಸ್ತೆ, ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಐದನೆಯದು ಜ್ಞಾನಭಾರತಿ. ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ಈ ದಾರಿ ಶುರುವಾದದ್ದು 2021ರ ಆಗಸ್ಟ್‌ನಲ್ಲಿ. ಮೈಸೂರು ರಸ್ತೆ ಸ್ಟೇಷನ್ ಹತ್ತಿರ ಬಂದಾಗ ಕೆಳಗೆ ಕಪ್ಪು ನೀರು ಕಾಣುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಹರಿಯುವ ನೊರೆ ನೊರೆ ನೀರು. ಇಲ್ಲೇ ವರ್ಷಗಟ್ಟಲೆ ಓಡಾಡಿದ್ದರೂ ನಾವೆಲ್ಲ ಅದನ್ನು ಕರೆಯುವುದು ಒಂದೇ ಹೆಸರಿನಿಂದ: ದೊಡ್ಡಮೋರಿ.

ಅತ್ತೆ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದರು. "ಇದ್ಯಾವ ಹೊಳೆ?" ಅಂದರು.

"ಹೊಳೆ ಅಲ್ಲ ಅತ್ತೆ, ಮೋರಿ."

"ಮೋರಿಗೆ ಇಷ್ಟಗಲ ಪಾತ್ರ ಇರ್ತದಾ? ಬೆಳ್ಳಕ್ಕಿ ಕೂತವೆ ನೋಡು."

ನೋಡಿದೆ. ಕಪ್ಪು ಕೆಸರಿನ ಅಂಚಿನಲ್ಲಿ ಐದಾರು ಬೆಳ್ಳಕ್ಕಿಗಳು ಅಚ್ಚ ಬಿಳಿಯಾಗಿ ನಿಂತಿದ್ದವು. ಎಷ್ಟು ವರ್ಷದಿಂದ ಅಲ್ಲಿ ನಿಲ್ಲುತ್ತಿದ್ದವೋ ಏನೋ, ನಾನು ಫೋನು ನೋಡುತ್ತಾ ದಾಟಿಹೋಗುತ್ತಿದ್ದೆ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಸಾವಿರ ಎಕರೆಗೂ ಮಿಕ್ಕ ಜಾಗ. ಒಳಗೆ ಜೈವಿಕ ಉದ್ಯಾನ ಅಂತ ಬೆಳೆಸಿದ ಕಾಡಿದೆ. ಹೊಂಗೆ, ಬಿದಿರು, ಆಲ, ಬೇವು, ಹಳೇ ನೀಲಗಿರಿ. ಮಣ್ಣಿನ ದಾರಿ ಹಿಡಿದು ಇಳಿಜಾರಿನ ಕಡೆ ನಡೆದರೆ ಮಳೆನೀರಿನ ಹಳ್ಳಗಳು ಸಿಗುತ್ತವೆ. ಅವೆಲ್ಲ ಕೊನೆಗೆ ಸೇರುವುದು ಮೈಸೂರು ರಸ್ತೆಯ ಕಡೆ ಹರಿಯುವ ಅದೇ ನೀರಿಗೆ. ಗಾಳಿ ಆ ಕಡೆಯಿಂದ ಬೀಸಿದರೆ ವಾಸನೆ ಬರುತ್ತದೆ. ಈ ಕಡೆಯಿಂದ ಬೀಸಿದರೆ ಹೊಂಗೆ ಎಲೆಯ ವಾಸನೆ.

ಮೊದಲ ದಿನ ನನಗೆ ಒಂದು ಹಕ್ಕಿಯೂ ಸರಿಯಾಗಿ ಸಿಗಲಿಲ್ಲ. ಬೈನಾಕ್ಯುಲರ್ ಕಣ್ಣಿಗಿಟ್ಟು ಮರ ಹುಡುಕುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ಆಮೇಲೆ ಗೊತ್ತಾಯಿತು, ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ನೋಡಿ, ಅದರ ಮೇಲಿನ ದೃಷ್ಟಿ ತೆಗೆಯದೆ ಬೈನಾಕ್ಯುಲರನ್ನು ಕಣ್ಣಿನ ಹತ್ತಿರಕ್ಕೆ ತರಬೇಕು ಅಂತ. ಅತ್ತೆ ಮಾತ್ರ ಏನೂ ಹಿಡಿದುಕೊಳ್ಳದೆ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಪೊದೆಯ ಒಳಗಿಂದ "ಊಪ್ ಊಪ್ ಊಪ್" ಅಂತ ಒಂದು ದನಿ ಬಂತು. ನಾನು ಫೋನು ತೆಗೆದು ಮರ್ಲಿನ್ ಆ್ಯಪ್ ಒತ್ತಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯ ಮಾಡಿರುವ ಆ್ಯಪ್ ಇದು. ಹಕ್ಕಿಯ ದನಿ ಕೇಳಿಸಿಕೊಂಡು ಹೆಸರು ಹೇಳುತ್ತದೆ. ಅದು ಇನ್ನೂ ಯೋಚಿಸುತ್ತಿರುವಾಗಲೇ ಅತ್ತೆ ನಡೆಯುತ್ತಲೇ ಹೇಳಿದರು: "ಕೆಂಬೂತ ಕನವ್ವ. ಅದ್ಕೆ ಫೋನ್ ಯಾಕೆ?"

ಮೂರು ತಿಂಗಳಲ್ಲಿ ಅವರು ತಾವಾಗೇ ಆಡಿದ ಮೊದಲ ಉದ್ದದ ಮಾತು ಅದು.

ಆ್ಯಪ್ ಒಂದು ಕಡೆ, ಅತ್ತೆ ಒಂದು ಕಡೆ

ಆಮೇಲೆ ಪ್ರತಿ ಶನಿವಾರ ಹೋಗಲು ಶುರುಮಾಡಿದೆವು. ಆರೂವರೆಗೆ ಮನೆ ಬಿಟ್ಟರೆ ಏಳಕ್ಕೆಲ್ಲ ಮರಗಳ ಕೆಳಗೆ. ಅತ್ತೆಯ ಬ್ಯಾಗಿನಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ನೀರು.

ನಮ್ಮಿಬ್ಬರ ನಡುವೆ ಒಂದು ಪಂದ್ಯ ಹುಟ್ಟಿಕೊಂಡಿತು. ದನಿ ಬಂದ ಕೂಡಲೇ ನಾನು ಆ್ಯಪ್ ಒತ್ತುವುದು, ಅತ್ತೆ ಹೆಸರು ಹೇಳುವುದು. ಯಾರು ಮೊದಲು? ಕುಟ್ರು ಹಕ್ಕಿ, ಕಾಜಾಣ, ಗೊರವಂಕ, ಕೋಗಿಲೆ, ಮಡಿವಾಳ ಹಕ್ಕಿ, ಎಲ್ಲದರಲ್ಲೂ ಅತ್ತೆಯೇ ಮೊದಲು. ನಾನು ಗೆದ್ದದ್ದು ಚಿಕ್ಕಪುಟ್ಟ ಹಕ್ಕಿಗಳಲ್ಲಿ. ಮರದ ತುದಿಯಲ್ಲಿ ಕಾಣದ ಹಾಗೆ ಕೂತು ಉಲಿಯುವ ಹಸಿರು ಬಣ್ಣದ ಪುಟ್ಟ ಉಲಿಯಕ್ಕಿಗೆ ಅವರ ಹತ್ತಿರ ಹೆಸರಿರಲಿಲ್ಲ. "ಅವೆಲ್ಲ ಎಲೆ ಗುಬ್ಬಿ" ಅನ್ನುತ್ತಿದ್ದರು. ಆ ಎಲೆ ಗುಬ್ಬಿ ಹಿಮಾಲಯ ಮತ್ತು ಅದರ ಆಚೆಯ ತಣ್ಣನೆ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ ಅಂತ ಹೇಳಿದಾಗ ನಂಬಲಿಲ್ಲ. "ಹೆಬ್ಬೆಟ್ಟಿನಷ್ಟಿಲ್ಲ, ಅಷ್ಟು ದೂರದಿಂದ ಹಾರ್ಕಂಡು ಬತ್ತದಾ?" ಅಂತ ಮರ ನೋಡುತ್ತಾ ನಿಂತರು. ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆಯೂ ಹಾಗೆಯೇ ಉತ್ತರದಿಂದ ಬಂದ ಅತಿಥಿ. ಸೆಪ್ಟೆಂಬರ್ ಹೊತ್ತಿಗೆ ಬಂದು ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತದೆ.

ಅವರು ಹೇಳುತ್ತಿದ್ದುದು ಬರೀ ಹೆಸರಲ್ಲ. ಪ್ರತಿ ಹಕ್ಕಿಯ ಹಿಂದೆ ಒಂದು ಕತೆ. ಸಂಜೆ ಬೆಳ್ಳಕ್ಕಿ ಸಾಲು ಹಾರುವಾಗ ಊರಿನ ಮಕ್ಕಳೆಲ್ಲ ಕೈ ಉಗುರು ತೋರಿಸಿ ಕೂಗುತ್ತಿದ್ದರಂತೆ, ಉಗುರಿನ ಮೇಲೆ ಬಿಳಿ ಚುಕ್ಕಿ ಬೀಳಲಿ ಅಂತ. ಅದು ನಾನೂ ಮಾಡಿದ್ದೇ. ಗರುಡ ಕಂಡರೆ ಕೆನ್ನೆ ತಟ್ಟಿಕೊಳ್ಳುತ್ತಾರೆ, ಈಗಲೂ. ಹಾಲಕ್ಕಿ ಕೂಗಿದ್ದನ್ನು ಕೇಳಿಕೊಂಡು ಬುಡುಬುಡುಕೆಯವನು ಬೆಳಗಿನ ಜಾವ ಮನೆ ಮುಂದೆ ಬಂದು ಶಕುನ ನುಡಿಯುತ್ತಿದ್ದ ಕತೆಯನ್ನು ಅವನ ದನಿಯಲ್ಲೇ ಹೇಳಿ ತೋರಿಸಿದರು. ನಾನು ನಕ್ಕೆ. ಅವರೂ ನಕ್ಕರು. ಆ ನಗು ಕೇಳಿ ನನಗೆ ಗಂಟಲು ಕಟ್ಟಿದ ಹಾಗಾಯಿತು.

ಅವರ ಊರಿನ ಪಕ್ಕದಲ್ಲೇ ರಂಗನತಿಟ್ಟು. ಸಲೀಂ ಅಲಿ ಅವರು ಆ ನಡುಗಡ್ಡೆಗಳನ್ನು ನೋಡಿ, ಮೈಸೂರು ಅರಸರನ್ನು ಒಪ್ಪಿಸಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಲ್ಲಿ ಅದೇ ಮೊದಲನೆಯದು. ಇದನ್ನೆಲ್ಲ ನಾನು ಓದಿ ಹೇಳಿದರೆ ಅತ್ತೆಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ನಮ್ ಗದ್ದೆಗೆ ಬಾಯ್ಕಳಕ ಬಂದು ಬಸವನಹುಳ ಹೆಕ್ತಿದ್ವು. ಟಿಕೀಟು ಯಾರು ಕೊಟ್ಟವ್ರೆ?" ಅಂದರು.

ಎರಡು ಹೊಳೆ, ಒಂದೇ ನೀರು

ಒಂದು ದಿನ ಕ್ಯಾಂಪಸ್ಸಿನ ಅಂಚಿನ ಹತ್ತಿರ ಕೂತು ರೊಟ್ಟಿ ತಿನ್ನುವಾಗ ಅತ್ತೆ ಮತ್ತೆ ಕೇಳಿದರು, "ಈ ಹೊಳೆ ಹೆಸರೇನಂದೆ?"

ನಾನು ಏನೂ ಅಂದಿರಲಿಲ್ಲ. ಮೋರಿ ಅಂದಿದ್ದೆ ಅಷ್ಟೇ. ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತು ಅನ್ನುವ ನಂಬಿಕೆಯಿಂದ ಬಂದ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಹತ್ತಿರ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ, ಮೇಕೆದಾಟಿನ ಹತ್ತಿರದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಇದನ್ನು ಹೇಳುತ್ತಾ ಹೇಳುತ್ತಾ ನನಗೇ ಒಂದು ವಿಷಯ ಹೊಳೆಯಿತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಶಿವನಸಮುದ್ರದ ಕಡೆಯಿಂದ ತೊರೆಕಾಡನಹಳ್ಳಿಗೆ ತಂದು, ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಬೆಂಗಳೂರಿಗೆ ಕಳಿಸುತ್ತಾರೆ. ಅಂದರೆ ಅತ್ತೆಯ ಊರಿನ ಮುಂದೆ ಹಾದುಹೋದ ನೀರೇ ನಮ್ಮ ಮೂರನೇ ಮಹಡಿಗೆ ಹತ್ತಿ ಬರುತ್ತದೆ. ನಾವು ಪಾತ್ರೆ ತೊಳೆದು, ಬಟ್ಟೆ ಒಗೆದು, ಸ್ನಾನ ಮಾಡಿ ಬಿಡುವ ನೀರು ಚರಂಡಿ ಹಿಡಿದು ಈ ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಮೈಸೂರು ರಸ್ತೆಯಲ್ಲಿ ಅದನ್ನು ಶುದ್ಧ ಮಾಡುವ ಘಟಕ ಇದೆ ನಿಜ, ಆದರೆ ಊರಿನ ಕೊಳಚೆಯೆಲ್ಲ ಅಲ್ಲಿಗೆ ಹೋಗುವುದಿಲ್ಲ ಅನ್ನುವುದಕ್ಕೆ ನಮ್ಮ ಮೂಗೇ ಸಾಕ್ಷಿ. ಆ ನೀರು ಸುತ್ತು ಹೊಡೆದು ಮತ್ತೆ ಕಾವೇರಿಗೇ ಹೋಗುತ್ತದೆ.

ಅತ್ತೆ ರೊಟ್ಟಿ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅಲ್ಲಿಂದ ಚೊಕ್ಕಾಗಿ ಕಳಿಸಿದ್ದನ್ನ ಹಿಂಗೆ ಮಾಡಿ ವಾಪಸ್ ಕೊಡ್ತೀರಾ?"

ಆ "ತೀರಾ" ಅನ್ನುವುದರಲ್ಲಿ ನಾನೂ ಇದ್ದೆ. ಆ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಮೋರಿ ಅನ್ನುವುದಿಲ್ಲ. ಅನ್ನಲು ಅತ್ತೆ ಬಿಡುವುದಿಲ್ಲ.

ಅವರಿಂದ ನಾನು ಕಲಿತ ಇನ್ನೊಂದು ಪಾಠ, ಇಲ್ಲದ ಹಕ್ಕಿಯನ್ನೂ ನೋಡಬೇಕು ಅನ್ನುವುದು. ವೃಷಭಾವತಿಯ ಅಂಚಿನಲ್ಲಿ ಹಕ್ಕಿಗಳಿಗೆ ಬರವಿಲ್ಲ. ಬೆಳ್ಳಕ್ಕಿ, ಕೊಳದ ಬಕ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಮೇಲೆ ಹದ್ದುಗಳ ಸುತ್ತು. ನಾನು ಖುಷಿಯಿಂದ "ನೋಡಿ ಅತ್ತೆ, ನದಿ ಇನ್ನೂ ಬದುಕಿದೆ" ಅಂದೆ. ಅವರು ತಲೆ ಅಲ್ಲಾಡಿಸಿದರು. "ಕಪ್ಪು ಬಿಳಿ ಮೀಂಚುಳ್ಳಿ ಎಲ್ಲಿ? ಒಂದೇ ಜಾಗದಲ್ಲಿ ರೆಕ್ಕೆ ಬಡಕೊಂಡು ನಿಂತು ದುಬುಕ್ಕನೆ ನೀರಿಗೆ ಬೀಳ್ತದಲ್ಲ, ಅದು. ನಮ್ ಹೊಳೇಲಿ ದಿನಾ ಕಾಣ್ತದೆ. ಇಲ್ಲಿ ಇಷ್ಟ್ ದಿನದಲ್ಲಿ ಒಂದೂ ಕಾಣ್ನಿಲ್ಲ. ಮೀನಿಲ್ಲ ಕನವ್ವ ಇದ್ರಲ್ಲಿ."

ಮನೆಗೆ ಬಂದು ಓದಿದೆ. ಅತ್ತೆ ಹೇಳಿದ್ದು ಸರಿ. ಕೊಳಚೆಯ ಕೆಸರಿನಲ್ಲಿ ಹುಟ್ಟುವ ಹುಳುಗಳನ್ನು ತಿಂದು ಮೆಟ್ಟುಗಾಲು ಹಕ್ಕಿ ಬದುಕುತ್ತದೆ. ಹದ್ದಿಗೆ ಕಸ ಸಾಕು. ಬಿಳಿ ಕುತ್ತಿಗೆಯ ನೀಲಿ ಮಿಂಚುಳ್ಳಿ ಕೂಡ ಮಿಡತೆ, ಓತಿಕ್ಯಾತ ಹಿಡಿದು ಹೊಟ್ಟೆ ಹೊರೆಯುತ್ತದೆ, ಅದಕ್ಕೇ ಕ್ಯಾಂಪಸ್ಸಿನಲ್ಲಿ ನೀರಿಲ್ಲದ ಕಡೆಯೂ ಕಾಣುತ್ತದೆ. ಆದರೆ ಕಪ್ಪು ಬಿಳಿ ಮಿಂಚುಳ್ಳಿಯ ಊಟ ಹೆಚ್ಚುಕಮ್ಮಿ ಮೀನೇ. ಮೀನಿಲ್ಲದ ನೀರಿನ ಮೇಲೆ ಅದು ಯಾಕೆ ರೆಕ್ಕೆ ಬಡಿಯುತ್ತದೆ? ಪ್ರಯೋಗಾಲಯಕ್ಕೆ ನೀರಿನ ಸೀಸೆ ಕಳಿಸದೆ, ಬರೀ ನಿಂತು ನೋಡಿ, ನಮ್ಮ ಅತ್ತೆ ನದಿಯ ರಿಪೋರ್ಟ್ ಕೊಟ್ಟಿದ್ದರು.

ಮುಟ್ಟದ ಕಾಗೆ

ಡಿಸೆಂಬರ್‌ನ ಒಂದು ಬೆಳಗ್ಗೆ ಬಿದಿರು ಮೆಳೆಯ ಹತ್ತಿರ ಒಂದಷ್ಟು ಕಾಗೆಗಳು ಗಲಾಟೆ ಮಾಡುತ್ತಿದ್ದವು. ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಲು ಹೋದೆ: ಕುತ್ತಿಗೆ ಬೂದು ಇದ್ದರೆ ಮನೆ ಕಾಗೆ, ಪೂರ್ತಿ ಕಪ್ಪಾಗಿ ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ. ಅತ್ತೆ ಮುಖ ತಿರುಗಿಸಿಕೊಂಡು ಬೇಗ ಬೇಗ ಮುಂದೆ ನಡೆದರು. ಅವತ್ತಿನವರೆಗೂ ನಾನು ಗಮನಿಸಿರಲಿಲ್ಲ, ಕಾಗೆಯ ಬಗ್ಗೆ ಮಾತ್ರ ಅವರು ಒಂದೇ ಒಂದು ಕತೆ ಹೇಳಿರಲಿಲ್ಲ.

ಕಲ್ಲಿನ ಬೆಂಚಿನ ಮೇಲೆ ಕೂತ ಮೇಲೆ ತಾವೇ ಹೇಳಿದರು. ಮಾವನ ಹಾಲು-ತುಪ್ಪದ ದಿನ ಗದ್ದೆಯಲ್ಲಿ ಗುಡ್ಡೆ ಮೇಲೆ ಎಡೆ ಇಟ್ಟಿದ್ದರು. ಅನ್ನ, ಮುದ್ದೆ, ಮಾವನಿಗೆ ಇಷ್ಟವಾದದ್ದೆಲ್ಲ. ಕಾಗೆ ಬರಲಿಲ್ಲ. ಜನ ಕಾದರು, ಕೂಗಿ ಕರೆದರು. ದೂರದ ತೆಂಗಿನಮರದ ಮೇಲೆ ಕೂತಿದ್ದವು, ಇಳಿಯಲಿಲ್ಲ. ಕೊನೆಗೆ ಎಡೆಯನ್ನು ಹಸುವಿಗೆ ಕೊಟ್ಟರು. ಯಾರೋ ಹಿಂದಿನಿಂದ "ಮುದುಕಪ್ಪನಿಗೆ ಏನೋ ಆಸೆ ಉಳಕೊಂಡದೆ" ಅಂದರಂತೆ.

ನಾನೂ ಆ ಜನರ ನಡುವೆ ನಿಂತಿದ್ದೆ. ಕಾಗೆ ಬರದಿದ್ದದ್ದು ನೆನಪಿತ್ತು. ಬಿಸಿಲಿಗೆ ತಲೆ ಸುತ್ತುತ್ತಿದೆ, ಬೇಗ ಮುಗಿದರೆ ಸಾಕು ಅಂದುಕೊಂಡದ್ದೂ ನೆನಪಿತ್ತು.

"ಆಸೆ ಏನಂತ ನಂಗೊತ್ತು" ಅಂದರು ಅತ್ತೆ. "ಅವತ್ತು ಸಂಜೆ ಇನ್ನರ್ಧ ಲೋಟ ಕಾಫಿ ಕೇಳಿದ್ರು. ಸಕ್ಕರೆ ಕಾಯ್ಲೆ ಜಾಸ್ತಿ ಆಗದೆ, ಸುಮ್ನಿರಿ ಅಂತ ಗದರಿದೆ. ಮುನಿಸ್ಕೊಂಡು ಹೋಗಿ ಮಲಗಿದ್ರು. ಬೆಳಗ್ಗೆ ಇಲ್ಲ."

ಆರು ತಿಂಗಳು ಅವರು ಗೋಡೆಗೆ ಒರಗಿ ಕೂತಿದ್ದು ಇದನ್ನು ಇಟ್ಟುಕೊಂಡು. ನನಗೆ ಹೇಳಲು ಬೇಕಾದಷ್ಟಿತ್ತು. ಅದೆಲ್ಲ ಮೂಢನಂಬಿಕೆ ಅನ್ನಬಹುದಿತ್ತು. ನೀವು ಮಾಡಿದ್ದು ಸರಿ, ಡಾಕ್ಟರೂ ಅದನ್ನೇ ಹೇಳುತ್ತಿದ್ದರು ಅನ್ನಬಹುದಿತ್ತು. ಬಾಯಿಗೆ ಯಾವುದೂ ಬರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ, ಅಷ್ಟೇ.

ಅದಾದ ಮೇಲೆ ಒಂದು ಬದಲಾವಣೆ ಆಯಿತು. ಅತ್ತೆ ದಿನಾ ಬೆಳಗ್ಗೆ ತಾರಸಿಗೆ ಹೋಗಿ ಒಂದು ಹಿಡಿ ಅನ್ನ ಇಡಲು ಶುರುಮಾಡಿದರು. ಟ್ಯಾಂಕಿನ ಪಕ್ಕ ಕೂತು ನೋಡುತ್ತಿದ್ದರು. ಬರುತ್ತಿದ್ದದ್ದು ಎರಡು ಮನೆ ಕಾಗೆ. ಅದರಲ್ಲಿ ಒಂದಕ್ಕೆ ಎಡಗಾಲಿನ ಒಂದು ಬೆರಳಿಲ್ಲ. ಮೊದಲ ವಾರ ಅತ್ತೆ ಮೆಟ್ಟಿಲ ಹತ್ತಿರ ಹೋದ ಮೇಲೇ ಇಳಿಯುತ್ತಿದ್ದವು. ಆಮೇಲೆ ಹತ್ತು ಹೆಜ್ಜೆ, ಆಮೇಲೆ ಐದು ಹೆಜ್ಜೆ. ನಾನು ಜೊತೆಗೆ ಹೋದ ದಿನ ಗೋಡೆ ಮೇಲೇ ಕೂತು ಕೂಗಾಡುತ್ತಿದ್ದವು, ಇಳಿಯುತ್ತಿರಲಿಲ್ಲ. ಹಕ್ಕಿ ನೋಡುವವರು ಡೈರಿ ಬರೆಯುವ ಹಾಗೆ ಅತ್ತೆ ರಾತ್ರಿ ಊಟಕ್ಕೆ ಕೂತಾಗ ನಮಗೆಲ್ಲ ಕಾಗೆಗಳ ವರದಿ ಒಪ್ಪಿಸುತ್ತಿದ್ದರು.

ಜನವರಿಯಲ್ಲಿ ನಮ್ಮ ಮನೆ ಮಾಲೀಕರ ಮೊಮ್ಮಗನ ನಾಮಕರಣ. ತಾರಸಿ ಮೇಲೆ ಶಾಮಿಯಾನ, ವಾದ್ಯ, ನೂರು ಜನ. ಅತ್ತೆ ಮೂಲೆಯಲ್ಲಿ ಅನ್ನ ಇಟ್ಟರು. ಕಾಗೆ ಇಳಿಯಲಿಲ್ಲ. ಎದುರುಮನೆ ಟ್ಯಾಂಕಿನ ಮೇಲೆ ಕೂತು ನೋಡುತ್ತಿದ್ದವು. ಅಲ್ಲಿ ಎಲೆಯಲ್ಲಿ ಹೋಳಿಗೆ ಬಿದ್ದಿತ್ತು, ಅದಕ್ಕೂ ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಶಾಮಿಯಾನ ಬಿಚ್ಚಿದ ಮೇಲೆ ಬೆರಳಿಲ್ಲದ ಕಾಗೆ ಮೊದಲು ಬಂತು.

ಆವತ್ತು ಅತ್ತೆ ಕೆಳಗೆ ಇಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು. "ಕಾಗೆಗೆ ಜನ ಅಂದ್ರೆ ಭಯ ಕನವ್ವ" ಅಂದರು. "ಆವತ್ತು ಗದ್ದೇಲಿ ಊರಿಗೂರೇ ನಿಂತಿತ್ತಲ್ಲ. ತಮಟೆ ಬೇರೆ."

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟರಂತೆ. ವರ್ಷಗಳ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಗುಂಪುಗೂಡಿ ಬೈಯುತ್ತಿದ್ದವಂತೆ. ಕಾಗೆ ಮುಖ ಗುರುತಿಡುತ್ತದೆ, ಹೊಸಬರನ್ನು ಕಂಡರೆ ಹುಷಾರಾಗುತ್ತದೆ. ಇದನ್ನು ನಾನು ಅತ್ತೆಗೆ ಹೇಳಿದೆ. ಅವರು "ಅದ್ಕೆ ಅಮೇರಿಕಕ್ಕೆ ಹೋಗ್ಬೇಕಾ?" ಅಂದರು.

ಆ ಸಂಜೆ ಅವರೇ ಕಾಫಿ ಮಾಡಿದರು. ಮೂರು ಲೋಟ. ಒಂದು ಮಗನಿಗೆ, ಒಂದು ನನಗೆ, ಒಂದು ತಮಗೆ.

ಅವರ ನಂಬಿಕೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಗರುಡ ಕಂಡರೆ ಇವತ್ತಿಗೂ ಕೆನ್ನೆ ತಟ್ಟಿಕೊಳ್ಳುತ್ತಾರೆ, ಮುಂದಿನ ತಿಥಿಗೆ ಎಡೆಯನ್ನೂ ಇಡುತ್ತಾರೆ. ಆದರೆ ಆ ದಿನದ ಕಾಗೆಯನ್ನು ಅವರು ಈಗ ಕಾಗೆಯಾಗಿ ನೋಡುತ್ತಾರೆ, ತಮ್ಮ ಮೇಲೆ ತೀರ್ಪು ಕೊಡಲು ಬಂದದ್ದಾಗಿ ಅಲ್ಲ. ದಿನಾ ಕೂತು ನೋಡಿದ್ದರಿಂದ ಬಂದ ತಿಳಿವಳಿಕೆ ಅದು. ನಾನು ಎಷ್ಟು ಹೇಳಿದ್ದರೂ ಬರುತ್ತಿರಲಿಲ್ಲ.

ಎಣಿಕೆಯ ದಿನ

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಜನ ತಮ್ಮ ಸುತ್ತಮುತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಹಿತ್ತಲ ಹಕ್ಕಿ ಎಣಿಕೆಗೆ ಭಾರತದವರು 2013ರಿಂದ ಸೇರಿದ್ದಾರೆ. ನಿಯಮ ಸರಳ. ಎಲ್ಲಾದರೂ ಕನಿಷ್ಠ 15 ನಿಮಿಷ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳ ಹೆಸರು, ಸಂಖ್ಯೆ ಬರೆದು ಇ-ಬರ್ಡ್‌ಗೆ ಹಾಕಬೇಕು. ಅಪರೂಪದ್ದೇ ಆಗಬೇಕಿಲ್ಲ. ಕಾಗೆ, ಪಾರಿವಾಳವೂ ಲೆಕ್ಕವೇ. ವರ್ಷ ವರ್ಷ ಹೀಗೆ ಸಾವಿರಾರು ಜನ ಬರೆದಾಗ ಯಾವ ಹಕ್ಕಿ ಹೆಚ್ಚುತ್ತಿದೆ, ಯಾವುದು ಕಮ್ಮಿಯಾಗುತ್ತಿದೆ ಅಂತ ಗೊತ್ತಾಗುತ್ತದೆ.

ನಾವು ಜ್ಞಾನಭಾರತಿಯಲ್ಲಿ ಒಂದು ಗಂಟೆ ನಡೆದೆವು. ಅತ್ತೆ ಹೇಳಿದರು, ನಾನು ಬರೆದೆ. ಒಟ್ಟು 34 ಬಗೆ. ಕೊನೆಗೆ ಪೊದೆಯ ಕೆಳಗೆ ನವಿಲೊಂದು ತನ್ನ ಪಾಡಿಗೆ ಕೆದಕುತ್ತಿತ್ತು. ಮನೆಗೆ ಹೊರಡುವಾಗ ಅತ್ತೆ ಅಂದರು, "ಯುಗಾದಿಗೆ ಊರಿಗೆ ಹೋಯ್ತೀನಿ. ಅಲ್ಲೇ ಇರ್ತೀನಿ ಕನವ್ವ."

ನನಗೆ ಬೇಜಾರಾಯಿತು. ಇಲ್ಲೇ ಇರಿ ಅಂತ ನಾನೂ ನನ್ನ ಗಂಡನೂ ಒತ್ತಾಯ ಮಾಡಿದೆವು. ಆದರೆ ಒಂದು ಅರ್ಥವಾಯಿತು. ಅವರು ಬೆಂಗಳೂರಿಗೆ ಬಂದದ್ದು ಮಗನ ಮನೆಗೆ ಅಂತ ಮಾತ್ರ ಅಲ್ಲ, ಆ ಗದ್ದೆಯನ್ನು ನೋಡಲಾರದೆ. ಈಗ ನೋಡಬಲ್ಲರು. ಅಲ್ಲಿ ಅವರ ನಾದಿನಿಯ ಮನೆ ಪಕ್ಕದಲ್ಲೇ ಇದೆ. ಯುಗಾದಿಗೆ ನಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದೆವು. ಆ ಸಂಜೆ ಹೊಳೆ ದಂಡೆಯಲ್ಲಿ ಅವರು ನನ್ನ ಭುಜ ತಿರುಗಿಸಿ ತೋರಿಸಿದರು. ನೀರಿನ ಮೇಲೆ ಕಪ್ಪು ಬಿಳಿ ಮಿಂಚುಳ್ಳಿ, ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತಿತ್ತು. ಆಮೇಲೆ ದುಬುಕ್ಕನೆ ಬಿತ್ತು.

ಈಗ ಶನಿವಾರ ಬೆಳಗ್ಗೆ ಏಳಕ್ಕೆ ನಾನು ಜ್ಞಾನಭಾರತಿಯ ದಾರಿಯಲ್ಲಿರುತ್ತೇನೆ, ಅತ್ತೆ ಕಾವೇರಿ ದಂಡೆಯಲ್ಲಿ. ಇಬ್ಬರ ಕಿವಿಯಲ್ಲೂ ಫೋನು. ಅಲ್ಲಿ ಏನು ಕಂಡಿತು ಅಂತ ಅವರು ಹೇಳುತ್ತಾರೆ, ಇಲ್ಲಿ ಏನು ಕೇಳಿತು ಅಂತ ನಾನು. ಕೊನೆಗೆ ಪ್ರತಿ ಸಲ ಅದೇ ಪ್ರಶ್ನೆ: "ಮೀಂಚುಳ್ಳಿ ಬಂತಾ?" ಇನ್ನೂ ಬಂದಿಲ್ಲ ಅತ್ತೆ ಅನ್ನುತ್ತೇನೆ. ಬಂದ ದಿನ ಮೊದಲು ನಿಮಗೇ ಫೋನು.

ನೀವೂ ಹೋಗುವುದಾದರೆ

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆ ಕಾಲ, ಹೊರನಾಡಿನ ಹಕ್ಕಿಗಳೂ ಇರುತ್ತವೆ. ಬೆಳಗ್ಗೆ ಒಂಬತ್ತರ ಒಳಗೆ ನಡೆದು ಮುಗಿಸಿ. ಗೇಟಿನಲ್ಲಿ ಕೇಳಿಕೊಂಡೇ ಒಳಗೆ ಹೋಗಿ, ಒಬ್ಬರೇ ಹೋಗಬೇಡಿ, ಮಣ್ಣಿನ ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ಹಾವುಗಳಿರುತ್ತವೆ. ನದಿಯ ನೀರಿನ ಹತ್ತಿರ ಹೋಗುವುದೇ ಬೇಡ. ಮಾಸಲು ಬಣ್ಣದ ಬಟ್ಟೆ, ಒಳ್ಳೆ ಬೂಟು ಇರಲಿ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಅಂತ ಬರೆದಿರುವುದು ನೋಡಿ, ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಂಡರೆ ಪೂರ್ತಿ ಕಾಣುತ್ತದೆ. ಫೋನಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ, ಅವು ಗಾಬರಿಯಾಗುತ್ತವೆ. ಬೈನಾಕ್ಯುಲರ್ ಇಲ್ಲದಿದ್ದರೂ ಪರವಾಗಿಲ್ಲ. ಮನೆಯಲ್ಲಿ ಊರಿನಿಂದ ಬಂದು ಸುಮ್ಮನೆ ಕೂತಿರುವ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕರೆದುಕೊಂಡು ಹೋಗಿ.